ಒಳಗಿಟ್ಟ ಚಪ್ಪಲಿ

ಕಳೆದ ಶನಿವಾರ ಮಗಳ ಗೆಳತಿಯರು ಮನೆಗೆ ಬಂದಿದ್ದರು. ಬಾಗಿಲ ಹೊರಗೆ ಏಳು ಜೊತೆ ಚಪ್ಪಲಿ. ನಾನು ಬಗ್ಗಿ ಒಂದೊಂದನ್ನೇ ಒಳಗೆ ತರತೊಡಗಿದೆ. "ಪಪ್ಪಾ, ಸ್ಟಾಪ್. ದಿಸ್ ಈಸ್ ಅವರ್ ಹೌಸ್," ಎಂದಳು ಮಗಳು, ನಾಚಿಕೆಯಿಂದ. ಹೌದಲ್ಲ, ಬಾಡಿಗೆ ಕರಾರಿನಲ್ಲಿ ಈಗ ನನ್ನದೇ ಹೆಸರಿದೆ. ಅದು ನನ್ನ ಕೈಗಿನ್ನೂ ಗೊತ್ತಾಗಿಲ್ಲ, ಏನು ಮಾಡಲಿ ಹೇಳಿ.

ಅಬುಧಾಬಿಗೆ ಬಂದ ಹೊಸತರಲ್ಲಿ ನಾವು ಖಾಲಿದಿಯಾ ಬಡಾವಣೆಯ ಒಂದು ಹಳೆಯ ವಿಲ್ಲಾದಲ್ಲಿದ್ದೆವು. ವಿಲ್ಲಾ ಎಂದ ಕೂಡಲೇ ಊರಿನಲ್ಲಿ ನನ್ನ ಅತ್ತೆ ನೆಂಟರಿಗೆಲ್ಲ ಸಾರಿಬಿಟ್ಟರು. ಮರ್ಯಾದೆ ಪ್ರಶ್ನೆ, ನಾನೂ ತಿದ್ದಲು ಹೋಗಲಿಲ್ಲ. ಕಾಗದದಲ್ಲಿ ಒಂದೇ ಕುಟುಂಬ, ಒಳಗೆ ಪ್ಲೈವುಡ್ ಗೋಡೆಗಳ ನಡುವೆ ಆರು. ಕರಾರು ಇದ್ದದ್ದು ಅಲ್ಲೇ ಇದ್ದು ನಮಗೆಲ್ಲ ಕೋಣೆ ಕೊಟ್ಟಿದ್ದ ಶೆಟ್ಟರ ಹೆಸರಿನಲ್ಲಿ. ಚಪ್ಪಲಿ ಒಳಗೆ ತಂದರೆ ಬೈಸಿಕೊಂಡು ಬೆಳೆದ ನಮಗೆ ಅವರು ಹೇಳಿದ ಮೊದಲ ನಿಯಮ, ಒಂದು ಜೊತೆಯೂ ಹೊರಗಿರಬಾರದು. ಒಂದು ವಿಲ್ಲಾದಲ್ಲಿ ಹೀಗೆ ಹಲವು ಕುಟುಂಬ ಇರುವುದು ಅಲ್ಲಿ ಕಾನೂನಿಗೆ ವಿರುದ್ಧ. ಮುನ್ಸಿಪಾಲಿಟಿಯ ತಪಾಸಣೆಯವರು ಬಂದರೆ ಚಪ್ಪಲಿ ಎಣಿಸಿಯೇ ತಲೆ ಲೆಕ್ಕ ಹಾಕುತ್ತಾರಂತೆ. ಹಾಗಾಗಿ ಚಪ್ಪಲಿ ಮಂಚದ ಕೆಳಗೆ, ದೇವರ ಪಟ ಮಂಚದ ತಲೆಯ ಮೇಲೆ. ದೇವರಿಗೂ ಅಭ್ಯಾಸವಾಯಿತು, ನಮಗೂ ಆಯಿತು.

ಪಕ್ಕದ ಕೋಣೆಯಲ್ಲಿ ಗ್ರೆಟ್ಟಾ ಬಾಯಿ, ಅವರ ಗಂಡ. ಗಂಡನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೊಂಕಣಿ ಕ್ರಿಶ್ಚಿಯನ್ನರಿಗೆ ನಮ್ಮ ಕಡೆ ಹೇಳುವಂತೆ ಪೊರ್ಬುಗಳು ಎನ್ನುತ್ತಿದ್ದೆವು. ಹೋಟೆಲೊಂದರಲ್ಲಿ ಅಡುಗೆಯವರು. ಆಗ ಶುಕ್ರವಾರ ರಜೆ. ಅಲ್ ಮೀನಾದ ಮೀನು ಮಾರುಕಟ್ಟೆಯಿಂದ ಬಂಗುಡೆ ತಂದು ಸಾರು ಮಾಡಿ ಮೊದಲ ಸೌಟು ನನ್ನ ತಟ್ಟೆಗೇ ಬಡಿಸುವರು. ನಾನು ಉಪ್ಪು ಕಡಿಮೆ ಎನ್ನುವುದು, ಅವರು ಮುಖ ಊದಿಸುವುದು ವಾರವಾರವೂ ಇದ್ದದ್ದೇ.

ಅಂಥದೇ ಒಂದು ಶುಕ್ರವಾರ ಮಧ್ಯಾಹ್ನ, ಮೀನು ತೊಳೆಯುತ್ತಿದ್ದ ಪೊರ್ಬುಗಳು ಎದೆ ಹಿಡಿದುಕೊಂಡು ಕುಸಿದರು. ಆಂಬುಲೆನ್ಸ್ ಕರೆಯಲು ನಾನು ಫೋನ್ ತೆಗೆದೆ. ಶೆಟ್ಟರು ನನ್ನ ಕೈ ಹಿಡಿದುಕೊಂಡರು.

"ಇಲ್ಲಿಗೆ ಕರೀಬೇಡ ಮಾರಾಯ. ಒಳಗೆ ನೋಡಿದ್ರೆ ನಾವೆಲ್ಲ ಬೀದಿಗೆ. ಮೊದ್ಲು ರಸ್ತೆಗೆ ಕರ್ಕೊಂಡು ಹೋಗುವ, ಅಲ್ಲಿಂದ ಫೋನ್ ಮಾಡುವ."

ಅವರ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳಬಾರದು. ನನ್ನ ಹೆಂಡತಿ ಆರು ತಿಂಗಳ ಬಸುರಿ. ನಾನು ಫೋನನ್ನು ಜೇಬಿಗೆ ಹಾಕಿದೆ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆ ಬಿಸಿಲಿನಲ್ಲಿ ಎರಡು ಗಲ್ಲಿ ದಾಟಿ ಬಸ್ ಸ್ಟಾಪಿಗೆ ಹೊತ್ತುಕೊಂಡು ಹೋದೆವು. ಗ್ರೆಟ್ಟಾ ಬಾಯಿ ಒಂದು ಕೈಯಲ್ಲಿ ಗಂಡನ ತಲೆ ಆನಿಸಿಕೊಂಡು ಜೊತೆಗೇ ನಡೆದರು. ದಾರಿಯಲ್ಲಿ ಪೊರ್ಬುಗಳು ತಮ್ಮ ಬರಿಗಾಲು ನೋಡಿಕೊಂಡು, "ಚಪ್ಪಲಿ ಒಳಗೆ ಉಂಟಲ್ಲ?" ಎಂದು ಕೇಳಿದರು. ಉಂಟು ಎಂದೆ. ಅದೇ ಅವರ ಕೊನೆಯ ಮಾತು. ಆಂಬುಲೆನ್ಸ್ ತಡ ಮಾಡಲಿಲ್ಲ. ತಡ ಮಾಡಿದ್ದು ನಾವು. ಎಲ್ಲಿ ಬಿದ್ದರು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಗ್ರೆಟ್ಟಾ ಬಾಯಿ ನನ್ನ ಮುಖ ನೋಡಿ, ಬಸ್ ಸ್ಟಾಪಿನಲ್ಲಿ ಎಂದರು. ಗಂಡನ ಹೆಣದ ಜೊತೆ ಊರಿಗೆ ಹೋದವರು ಮತ್ತೆ ಬರಲಿಲ್ಲ. ಆ ಕೋಣೆಗೆ ಬೇರೆಯವರು ಬಂದರು. ಮೂರು ತಿಂಗಳಿಗೆ ನನ್ನ ಮಗಳು ಹುಟ್ಟಿದಳು.

ಶನಿವಾರ ಏಳು ಜೊತೆಯನ್ನೂ ಮತ್ತೆ ಹೊರಗಿಟ್ಟೆ. ನನ್ನದನ್ನೂ ಇಟ್ಟೆ. ಒಳಗೆ ಬಂದು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಗ್ರೆಟ್ಟಾ ಬಾಯಿಗೆ ಫೋನ್ ಮಾಡಿದೆ. ಮಗಳು ಯಾವ ಕ್ಲಾಸು ಎಂದು ಅವರೇ ಕೇಳಿದರು. ನನಗೆ ತಡೆಯಲಾಗಲಿಲ್ಲ.

"ಬಾಯಿ, ಆ ದಿನ ಫೋನ್ ನನ್ನ ಕೈಯಲ್ಲೇ ಇತ್ತು."



"ನನ್ನ ಕೈಯಲ್ಲೂ ಇತ್ತಲ್ಲ," ಎಂದರು ಬಾಯಿ.