ಆಗಸ್ಟಿನಲ್ಲಿ ಬಂದ ಜನವರಿ

ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿ ಕೆಲಸದವರು ಇರುವ ಕಟ್ಟಡದ ಕೆಳಗೆ ಬೆಳಿಗ್ಗೆ ಆರೂವರೆಗೆ ಕಂಪೆನಿಯ ಬಸ್ಸು ಎರಡು ಸಲ ಹಾರ್ನ್ ಹೊಡೆಯುತ್ತದೆ. ಮೊದಲನೆಯದು ಉದ್ದ, ಎರಡನೆಯದು ಸಿಡುಕಿನದು. ಒಂಬತ್ತು ವರ್ಷಗಳಲ್ಲಿ ಲೂರ್ದ್ ಬಾಯಿ ಎರಡನೆಯದಕ್ಕೆ ಕಾದವಳಲ್ಲ. ಆ ದಿನ ಮಾತ್ರ ಡ್ರೈವರ್ ಮೂರನೆಯದನ್ನೂ ಒತ್ತಿದ ಮೇಲೆ ಇಳಿದು ಬಂದಳು. ರೂಮಿನ ಇನ್ನೊಂದು ಮಂಚದಲ್ಲಿ ಜೊತೆ ಕೆಲಸದ ಹುಡುಗಿ ಪರ್ಲ್, ಬ್ಯಾಂಡೇಜು ಕಟ್ಟಿದ ಬಲಗೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದಳು. ಅವಳಿಗೆ ಚಹಾ ಕುಡಿಸಿ, ತಲೆ ಬಾಚಿ ಜಡೆ ಹಾಕುವಷ್ಟರಲ್ಲಿ ತಡವಾಗಿತ್ತು.

ಮಂಗಳೂರು ಕಡೆಯ ಕಿನ್ನಿಗೋಳಿಯ ಲೂರ್ದ್ ಮೂವತ್ತೆಂಟು ವರ್ಷ ಸ್ವೆಟರ್ ಮುಟ್ಟಿದವಳಲ್ಲ. ಆಮೇಲೆ ಬದುಕಿದ್ದೆಲ್ಲ ಕೋಟುಗಳ ನಡುವೆ. ದುಬೈಯ ಮಾಲೊಂದರ ಒಳಗಿನ ಹಿಮದ ಪಾರ್ಕಿನಲ್ಲಿ, ಬಂದವರಿಗೆ ಕೋಟು, ಬೂಟು, ಗ್ಲೌಸ್ ಕೊಡುವ ಕೌಂಟರು ಅವಳದು. ಅಳತೆ ಕೇಳುವುದಿಲ್ಲ, ಭುಜ ನೋಡಿಯೇ ಕೊಡುತ್ತಾಳೆ. ಮರಳಿ ಬಂದ ಕೋಟಿನ ಒದ್ದೆ ತೋಳಿಗೆ ಕೈಹಾಕಿ, ಮಗುವಿನ ತೋಳನ್ನು ಅಂಗಿಯಿಂದ ಬಿಡಿಸುವ ಹಾಗೆ, ಮೆಲ್ಲಗೆ ನೇರ ಮಾಡುತ್ತಾಳೆ.

ಕೌಂಟರಿನ ಹಿಂದೆ ಒಂದು ಹಲಗೆ. ಹಿಮದೊಳಗೆ ಹೋಗುವ ಕೆಲಸದವರು ತಮ್ಮ ಹೆಸರಿನ ಬಿಲ್ಲೆಯನ್ನು ಕೆಂಪು ಮೊಳೆಗೆ ಹಾಕಿ ಹೋಗಬೇಕು. ನಲವತ್ತೈದು ನಿಮಿಷಕ್ಕೆ ಲೂರ್ದ್ ಕೈಗಂಟೆ ಬಾರಿಸುತ್ತಾಳೆ. ಅವರು ಹೊರಬಂದು ಬಿಲ್ಲೆಯನ್ನು ಹಸಿರು ಮೊಳೆಗೆ ಬದಲಿಸಿ, ಹೀಟರ್ ಕೋಣೆಯಲ್ಲಿ ಕೈ ಕಾಯಿಸಿಕೊಳ್ಳುತ್ತಾರೆ. ಯಾರೂ ಬರೆದಿಟ್ಟ ನಿಯಮವಲ್ಲ, ಅವಳೇ ಶುರುಮಾಡಿದ್ದು.

2016ರ ಆಗಸ್ಟಿನಲ್ಲಿ, ಹೊರಗೆ ನಲವತ್ತಾರು ಡಿಗ್ರಿ ಸುಡುತ್ತಿದ್ದಾಗ, ಪಾರ್ಕಿನವರು ‘ಹೆಲ್ಸಿಂಕಿಯಲ್ಲಿ ಒಂದು ಜನವರಿ’ ಎಂದು ಬೋರ್ಡು ಹಾಕಿದರು. ಆ ಊರಿನ ಜನವರಿ ತಿಂಗಳ ಹವೆಯನ್ನು ದಿನಕ್ಕೆ ದಿನ ಇಲ್ಲಿ ಇಳಿಸಬೇಕು. ಅಲ್ಲಿ ಮೂರನೇ ತಾರೀಕು ಹಿಮ ಬಿದ್ದಿದ್ದರೆ ಇಲ್ಲೂ ಮೂರನೇ ದಿನ ಬೀಳಬೇಕು. ಗೋಡೆಯ ಮೇಲೆ ಮೂವತ್ತೊಂದು ಚೌಕಗಳ ಪಟ್ಟಿ. ಏಳನೆಯ ಚೌಕದಲ್ಲಿ ಮೈನಸ್ ಹದಿನೆಂಟು.

ಆ ಊರಿನವರು ಚಳಿಯಿಂದ ಬೆಚ್ಚಗಿನ ಮನೆಗೆ ಓಡುತ್ತಾರೆಂಬುದನ್ನು ಮಾತ್ರ ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ. ಹೀಟರ್ ಕೋಣೆ ಗಿರಾಕಿಗಳು ಫೋಟೊ ತೆಗೆಸಿಕೊಳ್ಳುವ ಮರದ ಮನೆಯಾಯಿತು. ಗಂಟೆಯ ಸದ್ದಿಗೆ ವಾತಾವರಣ ಕೆಡುತ್ತದೆಂದು ಗಂಟೆ ಡ್ರಾಯರ್ ಸೇರಿತು.

ಏಳನೆಯ ದಿನ ಜನ ನುಗ್ಗಿ ಗ್ಲೌಸ್ ಮುಗಿದವು. ಮ್ಯಾನೇಜರ್ ಶ್ರೀನಿವಾಸಮೂರ್ತಿ ಫೋನಿನಲ್ಲಿ, “ಸ್ಟಾಫ್ ಹತ್ರ ಇರೋದನ್ನ ತಗೊಂಡು ಕೊಡಿ, ಯಾರೂ ವಾಪಸ್ ಹೋಗ್ಬಾರ್ದು” ಎಂದರು. ಹಿಮದಲ್ಲಿ ನಿಲ್ಲಿಸಿದ್ದ ಹೆಲ್ಸಿಂಕಿಯ ನಕಲಿ ಟ್ರಾಮಿನಲ್ಲಿ ಪರ್ಲ್ ಕಂಡಕ್ಟರಿನ ವೇಷದಲ್ಲಿ ಕಬ್ಬಿಣದ ಕಂಬ ಹಿಡಿದು ನಿಂತಿದ್ದಳು.

“ಒಂದು ಹತ್ತು ನಿಮಿಷ ಮಗಾ, ಮತ್ತೆ ಕೊಡ್ತೇನೆ,” ಎನ್ನುತ್ತ ಲೂರ್ದ್ ಅವಳ ಗ್ಲೌಸ್ ಕಳಚಿದಳು.

“ಈ ಕೋಟಿಗೆ ಕಿಸೆಯೂ ಇಲ್ಲ ಬಾಯಿ. ಕೈಯನ್ನು ನಿಮ್ಮ ಕೌಂಟರಿನಲ್ಲೇ ಇಟ್ಟು ಬರಬೇಕಾ?” ಎಂದು ಪರ್ಲ್ ನಕ್ಕಳು.

ಕೌಂಟರಿನ ನೂಕುನುಗ್ಗಲಿನಿಂದ ಬಿಡಿಸಿಕೊಂಡು ಲೂರ್ದ್ ಮರಳಿ ಹೋಗುವಾಗ ಎರಡು ತಾಸು ಕಳೆದಿತ್ತು. ಪರ್ಲಳ ಎರಡು ಬೆರಳು ಮೇಣದಂತೆ ಬೆಳ್ಳಗಾಗಿದ್ದವು. ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು.

ಅದಾಗಿ ಮೂರನೆಯ ದಿನವೇ ಬಸ್ಸು ಮೂರು ಸಲ ಹಾರ್ನ್ ಹೊಡೆದದ್ದು. ಹತ್ತು ಗಂಟೆಗೆ ಶ್ರೀನಿವಾಸಮೂರ್ತಿ ಕಾಗದ ಹಿಡಿದು ಕೌಂಟರಿಗೇ ಬಂದರು.

“ಲೂರ್ದ್ ಅವ್ರೇ, ಒಂದು ಸೈನು ಅಷ್ಟೆ.”

ಮೊಬೈಲ್ ನೋಡಲು ಪರ್ಲ್ ತಾನಾಗಿಯೇ ಗ್ಲೌಸ್ ತೆಗೆದಿದ್ದಳು, ಲೂರ್ದ್ ಅದನ್ನು ಕಣ್ಣಾರೆ ಕಂಡಿದ್ದಾಳೆ ಎಂದು ಅದರಲ್ಲಿತ್ತು. ಸಹಿ ಬಿದ್ದರೆ ತಪ್ಪೆಲ್ಲ ಪರ್ಲಳದು. ವೀಸಾ ರದ್ದು, ಊರಿನ ವಿಮಾನ, ಖಲಾಸ್.

“ಅವಳ ಫೋನ್ ಲಾಕರಿನಲ್ಲಿತ್ತು ಸರ್. ಬೀಗದ ಕೈ ನನ್ನ ಹತ್ತಿರವೇ ಉಂಟು.”

“ಹೆಡ್ ಆಫೀಸಿಗೆ ಏನಾದ್ರೂ ಕಾರಣ ಕೊಡ್ಬೇಕಲ್ವಾ? ಮೇಲಿನವ್ರು ನನ್ನನ್ನೂ ಬಿಡಲ್ಲ.”

“ಮೈಸೂರಿನ ಡಿಸೆಂಬರಿಗೇ ನೀವು ಮಫ್ಲರ್ ಸುತ್ತುವವರು. ಈ ತಿಂಗಳಲ್ಲಿ ಒಂದು ದಿನವಾದರೂ ಒಳಗೆ ಹೋಗಿ ನೋಡಿದ್ದೀರಾ?”

“ನನಗೆ ಸೈನಸ್ ಕಣಮ್ಮ.”

ಲೂರ್ದ್ ತನ್ನ ಬಲಗೈಯನ್ನು ನೋಡಿಕೊಂಡಳು. ಆ ಗ್ಲೌಸನ್ನು ಎಳೆದಾಗ ಒಳಗಿದ್ದ ಬಿಸುಪು ಅವಳ ಅಂಗೈಗೆ ತಾಗಿತ್ತು. ಅದನ್ನು ಹಾಗೇ ಒಯ್ದು ಒಬ್ಬ ಗಿರಾಕಿಗೆ ಕೊಟ್ಟಿದ್ದಳು. ಮತ್ತೆ ಹಲಗೆಯತ್ತ ತಿರುಗಿದಳು. ಒಂಬತ್ತಕ್ಕೆ ಹಿಮ ಹರಡಲು ಹೋದ ಜೆಸ್ಸಿಯ ಬಿಲ್ಲೆ ಇನ್ನೂ ಕೆಂಪು ಮೊಳೆಯಲ್ಲೇ ಇತ್ತು.

ಡ್ರಾಯರ್ ಎಳೆದು ಗಂಟೆಯನ್ನು ಹೊರತೆಗೆದಳು.

“ಅದ್ಯಾಕೆ ಈಗ? ಮೊದ್ಲು ಸೈನ್ ಮಾಡಿ.”

“ಬರೆದುಕೊಡ್ತೇನೆ ಸರ್, ಆದರೆ ನಡೆದದ್ದನ್ನು. ಗ್ಲೌಸ್ ಕಳಚಿದ್ದು ಈ ಕೈ. ಕಳಚಲಿಕ್ಕೆ ಫೋನಿನಲ್ಲಿ ಹೇಳಿದ್ದು ನೀವು,” ಎನ್ನುತ್ತಲೇ ಅವಳು ಹಿಮದ ಬಾಗಿಲಿನತ್ತ ಗಂಟೆ ಬಾರಿಸುತ್ತ ನಡೆದಳು.