ಗೋಪಾಳರಾಯರ ಗಾಡಿ, ತುಳಸವ್ವನ ಶೆಗಡಿ

ಈ ವಾರದ ಅಂಕಣವನ್ನು ನಾನು ಬರೆಯುತ್ತಿಲ್ಲ. ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವಳು ನನ್ನ ಹೆಂಡತಿ ಶಾರದೆ. ನನ್ನ ಬಲಗೈ ಮಣಿಕಟ್ಟಿನಿಂದ ಮೊಳಕೈವರೆಗೆ ಬ್ಯಾಂಡೇಜಿನೊಳಗೆ ಮಲಗಿದೆ. “ಲೋಕಲ್‌ನಿಂದ ಬಿದ್ದಿರಾ?” ಎಂದು ಆಫೀಸಿನಲ್ಲಿ ಎಲ್ಲರೂ ಕೇಳಿದರು. ಹೌದು ಎಂದೆ. ನಮ್ಮ ಮುಂಬಯಿಯಲ್ಲಿ ಲೋಕಲ್‌ನಿಂದ ಬೀಳುವುದು ಮರ್ಯಾದಸ್ಥರ ಅಪಘಾತ. ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದ ಗಾಡಿಯೊಂದು ನನ್ನನ್ನು ಒದೆಯಿತು ಎಂದರೆ ಯಾರು ನಂಬುತ್ತಾರೆ?

ನಿಮಗೆ ಮಾತ್ರ ನಿಜ ಹೇಳುತ್ತೇನೆ. (ಹೇಳದಿದ್ದರೆ ಬರೆಯುವವಳು ತಿದ್ದುತ್ತಾಳೆ.)

ಚೆಂಬೂರಿನ ನಮ್ಮ ಬಿಲ್ಡಿಂಗಿನ ಹಿಂದೆ, ಕಾಂಪೌಂಡಿನ ಗೋಡೆಗೆ ಒತ್ತಿಕೊಂಡು ಒಂದು ಪಿಕಪ್ ಗಾಡಿ ನಿಂತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವಾದ ಸಾಮಾನನ್ನೆಲ್ಲ ಹರಾಜು ಹಾಕಿದರಲ್ಲ, ಆಗ ನಮ್ಮ ಪಕ್ಕದ ಮನೆಯ ಗೋಪಾಳರಾಯರು ಕೊಂಡ ಗಾಡಿ ಅದು. ರಾಯರು ಧಾರವಾಡದವರು. ವಿಮಾ ಕಂಪನಿಯೊಂದರಲ್ಲಿ ಹೆಡ್ ಕ್ಲಾರ್ಕ್. ಊರವರ ಜೀವಕ್ಕೆಲ್ಲ ಭದ್ರತೆ ಒದಗಿಸುವ ಮನುಷ್ಯ ಯಾವ ಭದ್ರತೆಯೂ ಇಲ್ಲದ ಗಾಡಿಯನ್ನು ಯಾಕೆ ಕೊಂಡರು? ಆಗ ಎಲ್ಲರೂ ಏನಾದರೊಂದು ಕೊಳ್ಳುತ್ತಿದ್ದರು. ಕೆಲವರು ಕಂಬಳಿ ಕೊಂಡರು, ಕೆಲವರು ಬೂಟು ಕೊಂಡರು. ರಾಯರು ದೊಡ್ಡ ಯೋಚನೆಯವರು. ಗಾಡಿಯಲ್ಲಿ ಮಾರ್ಕೆಟ್ಟಿನಿಂದ ತರಕಾರಿ ತರಿಸಿ ಉಪನಗರಗಳಿಗೆಲ್ಲ ಮಾರಿಸುವ ಯೋಜನೆ ಹಾಕಿದರು. ಕೆಲವು ತಿಂಗಳು ಗಾಡಿ ಓಡಿತು. ಆಮೇಲೆ ಪೆಟ್ರೋಲಿನ ಕೂಪನ್ ಸಿಗಲಿಲ್ಲ. ಆಮೇಲೆ ಡ್ರೈವರ್ ಸಿಗಲಿಲ್ಲ. ಆಮೇಲೆ ಮಳೆಗಾಲ ಬಂತು. ಅಲ್ಲಿಗೆ ತರಕಾರಿ ವ್ಯಾಪಾರ ಮುಗಿಯಿತು, ಗಾಡಿ ನಿಂತಿತು.

ಮುಂಬಯಿಯಲ್ಲಿ ನಿಂತ ಗಾಡಿ ಬಹಳ ದಿನ ಗಾಡಿಯಾಗಿ ಉಳಿಯುವುದಿಲ್ಲ. ಬಾನೆಟ್ಟಿನ ಮೇಲೆ ಬಿಲ್ಡಿಂಗಿನ ಹೆಂಗಸರು ಹಪ್ಪಳ ಒಣಗಿಸಿದರು. ಡ್ರೈವರನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತು. ಹಿಂಭಾಗದಲ್ಲಿ ತುಳಸವ್ವ ಒಲೆ ಹೂಡಿದಳು.

ತುಳಸವ್ವ ವಿಜಾಪುರದ ಕಡೆಯವಳು. ಗಂಡ ಪರೇಲಿನ ಗಿರಣಿಯೊಂದರಲ್ಲಿ ದುಡಿಯುತ್ತಿದ್ದ. ಕೆಮ್ಮಿ ಕೆಮ್ಮಿ ತೀರಿಕೊಂಡ. ಅವನಿದ್ದ ಚಾಳಿನ ಖೋಲಿ ಅವನ ತಮ್ಮನ ಪಾಲಾಯಿತು. ಇವಳು ತವೆ, ಹಿಟ್ಟಿನ ಡಬ್ಬಿ, ಒಂದು ಇದ್ದಲ ಶೆಗಡಿ ಹಿಡಿದುಕೊಂಡು ಚೆಂಬೂರಿನ ಗುಡ್ಡದ ಬದಿಯಲ್ಲಿದ್ದ ನೆಂಟರ ಗುಡಿಸಲಿಗೆ ಬಂದಳು. ಅಲ್ಲಿ ಮಲಗಲು ಜಾಗ ಸಿಕ್ಕಿತು, ಒಲೆಗೆ ಸಿಗಲಿಲ್ಲ. ಜೋಳದ ರೊಟ್ಟಿ ಮಾರಿ ಬದುಕುವವಳಿಗೆ ತನಗಿಂತ ಮೊದಲು ಒಲೆಗೆ ಸೂರು ಬೇಕು. ಮಳೆಯಲ್ಲಿ ಮನುಷ್ಯ ನೆನೆಯಬಹುದು, ಇದ್ದಲು ನೆನೆಯುವಂತಿಲ್ಲ.

ಒಂದು ದಿನ ಅವಳು ರಾಯರ ಹೆಂಡತಿಯನ್ನು ಕೇಳಿದಳು. ಆಕೆ ಹೂಂ ಅಂದರು. ಗಾಡಿಯ ಹಿಂಭಾಗಕ್ಕೆ ಮಳೆಗೆ ಅಡ್ಡವಾಗಿ ತಾಡಪತ್ರಿ ಹೊದಿಸಿ, ಕೆಳಗೆ ತಗಡು ಹಾಸಿ ತುಳಸವ್ವ ಶೆಗಡಿ ಇಟ್ಟಳು. ಅದಕ್ಕೆ ಪ್ರತಿಯಾಗಿ ದಿನವೂ ರಾಯರ ಮನೆಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಈ ಕರಾರಿಗೆ ಕಾಗದಪತ್ರ ಇರಲಿಲ್ಲ. ರಾಯರ ಹೊಟ್ಟೆ ಇತ್ತು.

ಹೀಗೆ ಎಲ್ಲರೂ ಸುಖವಾಗಿದ್ದ ಕಾಲದಲ್ಲಿ ಟ್ರಾಂಬೆಯ ಕಡೆ ರಿಫೈನರಿ ಕಟ್ಟುವ ಕೆಲಸ ಶುರುವಾಯಿತು. ಅಲ್ಲಿನ ಕಂತ್ರಾಟುದಾರರು ಚಕ್ರ ಇರುವುದನ್ನೆಲ್ಲ ಬಾಡಿಗೆಗೆ ಹಿಡಿಯುತ್ತಿದ್ದಾರೆ ಎಂಬ ಸುದ್ದಿ ತಂದವರು ಮೊದಲ ಮಹಡಿಯ ಶಾನಭಾಗರು. ಬ್ಯಾಂಕಿನಲ್ಲಿ ಗುಮಾಸ್ತೆ, ಕಾರವಾರದವರು. ಮೋಟಾರಿನ ವಿಷಯದಲ್ಲಿ ನಮ್ಮ ಬಿಲ್ಡಿಂಗಿಗೆ ಅವರೇ ಕೊನೆಯ ಮಾತು. ಯಾಕೆ? ಅವರ ಷಡ್ಡಕನ ಹತ್ತಿರ ಮೋಟಾರಿದೆ.

ಭಾನುವಾರ ಬೆಳಗ್ಗೆ ರಾಯರ ಮನೆಯಲ್ಲಿ ಸಭೆ ಸೇರಿತು.

“ನೋಡ್ರಿ, ದೇಶ ಮುಂದ ಹೊಂಟದ,” ಎಂದರು ರಾಯರು. “ನನ್ನ ಗಾಡಿ ಬಿಲ್ಡಿಂಗಿನ ಹಿಂದ ಕೂತದ. ಇದು ಬರೋಬರಿ ಅಲ್ಲ.”

ಎಲ್ಲರೂ ತಲೆದೂಗಿದೆವು. ಯಾರಿಗೂ ಉಪಯೋಗವಿಲ್ಲದೆ ಒಳ್ಳೆಯ ಗಾಡಿಯೊಂದು ಕೊಳೆಯುತ್ತಿದೆ ಎಂದು ನಾನೇ ಹೇಳಿದೆ. (ಆ ‘ಯಾರಿಗೂ’ ಎಂಬುದರಲ್ಲಿ ತುಳಸವ್ವ ಸೇರಿರಲಿಲ್ಲ. ಅವಳು ಸಭೆಯಲ್ಲೂ ಇರಲಿಲ್ಲ. ಒಳಗೆ ತಟ್ಟೆಯಲ್ಲಿ ಅವಳ ರೊಟ್ಟಿ ಇತ್ತು.)

ಕಾಫಿ ಕೊಡಲು ರಾಯರ ಹೆಂಡತಿಗೆ ನೆರವಾಗುತ್ತಿದ್ದ ಶಾರದೆ ಬಾಗಿಲಲ್ಲೇ ನಿಂತು ಕೇಳಿದಳು: “ಅಲ್ಲಾ, ಮುಂದೆ ಮಳೆಗಾಲ ಇದೆ. ಆಗ ಅವಳು ಒಲೆ ಎಲ್ಲಿ ಹೂಡ್ತಾಳೆ?”

ಎಲ್ಲರೂ ಕಾಫಿ ಲೋಟ ಎತ್ತಿಕೊಂಡರು. ಆಮೇಲೆ ಶಾನಭಾಗರು ಗಂಟಲು ಸರಿಪಡಿಸಿಕೊಂಡರು.

“ಗಾಡಿಯ ಬ್ಯಾಟರಿ ಆರು ವೋಲ್ಟಿನದ್ದೋ, ಹನ್ನೆರಡರದ್ದೋ?”

ಚರ್ಚೆ ಬ್ಯಾಟರಿಯ ಕಡೆ ತಿರುಗಿತು.

ನಿರಾಶ್ರಿತರ ಕ್ಯಾಂಪಿನಿಂದ ಪ್ರೀತಮ್ ಸಿಂಗ್ ಎಂಬ ಮಿಸ್ತ್ರಿಯನ್ನು ಕರೆಸಲಾಯಿತು. ಆರಡಿ ಎತ್ತರ, ಎದೆಯವರೆಗೆ ಗಡ್ಡ. ಅವನು ಬಾನೆಟ್ಟಿನ ಮೇಲಿದ್ದ ಹಪ್ಪಳ ಸರಿಸಿ, ಕಿವಿಯಿಟ್ಟು ಕೇಳಿದ. ನಿಂತ ಇಂಜಿನ್ನಿನಲ್ಲಿ ಕೇಳುವುದೇನಿದೆಯೋ ನನಗೆ ತಿಳಿಯದು. ರಾಯರು ಮಾತ್ರ ಹೆರಿಗೆ ಆಸ್ಪತ್ರೆಯ ಹೊರಗೆ ನಿಂತವರಂತೆ ನಿಂತಿದ್ದರು.

“ಮರಾ ನಹೀಂ, ಬಾಬೂಜಿ. ಸೋಯಾ ಹೈ,” ಎಂದ ಪ್ರೀತಮ್ ಸಿಂಗ್.

ಸತ್ತಿಲ್ಲವಂತೆ, ಮಲಗಿದೆಯಂತೆ. ರಾಯರ ಕಣ್ಣು ಒದ್ದೆಯಾಯಿತು.

ಮಲಗಿದ್ದನ್ನು ಎಬ್ಬಿಸುವ ಕೆಲಸ ಎಷ್ಟೋ ಭಾನುವಾರ ನಡೆಯಿತು. ಪ್ಲಗ್ಗುಗಳನ್ನು ಕಿತ್ತು ಆ ತೂತುಗಳಲ್ಲಿ ಸೀಮೆಎಣ್ಣೆ ಸುರಿದು ನೆನೆಯಲು ಬಿಟ್ಟರು. ಪೆಟ್ರೋಲ್ ಟ್ಯಾಂಕು ಬಿಚ್ಚಿ, ಒಳಗೆ ಜಲ್ಲಿಕಲ್ಲು ಹಾಕಿ ಗಲಗಲ ಅಲ್ಲಾಡಿಸಿದರು. ತುಕ್ಕು ಕಷಾಯದಂತೆ ಇಳಿಯಿತು. ಗಾಳಿ ಎಳೆಯುವ ಡಬ್ಬಿ ಬಿಚ್ಚಿದಾಗ ಇಲಿಯ ಗೂಡು ಸಿಕ್ಕಿತು. ಗೂಡಿನ ತುಂಬ ಕನ್ನಡ ಕಾಗದದ ಚೂರು. ಎತ್ತಿ ನೋಡಿದರೆ ಇದೇ ಅಂಕಣ. ಅರ್ಧ ವಾಕ್ಯ ಉಳಿದಿತ್ತು, ಉಳಿದರ್ಧ ಜೀರ್ಣವಾಗಿತ್ತು. “ನಿಮ್ಮನ್ನು ಕೊನೇತನಕ ಓದಿದವರು ಇವರೇ ಅಂತ ಕಾಣ್ತದೆ ಮಾರಾಯ್ರೇ,” ಎಂದರು ಶಾನಭಾಗರು. ಸಂಪಾದಕರು ಗಮನಿಸಬೇಕು.

ಇಷ್ಟೆಲ್ಲ ಮುಂದೆ ನಡೆಯುತ್ತಿರುವಾಗ ಹಿಂದೆ ತುಳಸವ್ವ ರೊಟ್ಟಿ ತಟ್ಟುತ್ತಲೇ ಇದ್ದಳು. ಇಂಜಿನ್ ಎಬ್ಬಿಸಲು ಇವರು ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿ ಹೊಡೆದಾಗಲೆಲ್ಲ ಗಾಡಿ ಅಲ್ಲಾಡುತ್ತಿತ್ತು. ಚಂದ್ರನಂತೆ ದುಂಡಗಿರುತ್ತಿದ್ದ ರೊಟ್ಟಿ ಆ ದಿನಗಳಲ್ಲಿ ನಾನಾ ದೇಶಗಳ ನಕ್ಷೆಯಂತೆ ಬಂತು. ರಾಯರು ಅದನ್ನೂ ತಿಂದರು. ತಿಂದು, ಕೈ ತೊಳೆದು, ಹಿಂದಕ್ಕೆ ಹೋಗಿ ಹೇಳಿದರು:

“ತುಳಸವ್ವ, ಇನ್ನ ಜಾಗಾ ಖಾಲಿ ಮಾಡಬೇಕವಾ. ಗಾಡಿ ಹೊಂಡೂ ಹೊತ್ತಾತು.”

“ನಾ ಎಲ್ಲಿಗಿ ಹೋಗ್ಲಿರಿ ರಾಯರ?”

“ಎಲ್ಲೆರ ನೋಡ್ಕೋ. ಮುಂಬಯಿ ಏನ್ ಸಣ್ಣದದ ಏನು?”

“ದೊಡ್ಡದ ಐತ್ರಿ,” ಎಂದಳು ತುಳಸವ್ವ, ತವೆಯ ಮೇಲಿನ ರೊಟ್ಟಿ ತಿರುವುತ್ತ. “ಶೆಗಡಿ ಇಡೂವಷ್ಟ ಜಾಗಾ ಎಲ್ಲೈತಿ, ಅದನ್ನಷ್ಟ ತೋರಸ್ರಿ.”

ರಾಯರು ತೋರಿಸಲಿಲ್ಲ. ಅವಳು ಆ ದಿನವೆಲ್ಲ ಅಕ್ಕಪಕ್ಕದ ಬಿಲ್ಡಿಂಗುಗಳ ಕಾಂಪೌಂಡು ಸುತ್ತಿ ಬಂದಳಂತೆ. ಹೊಗೆ ಬರುತ್ತದೆ ಎಂದರಂತೆ ಕೆಲವರು. ಇನ್ನು ಕೆಲವರು ಗೇಟೇ ತೆರೆಯಲಿಲ್ಲ. ಸಂಜೆ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಶಾರದೆ ಕೊಟ್ಟ ಚಹಾ ಕುಡಿದಳು. ಲೋಟ ತೊಳೆದಿಟ್ಟು ಹೋದಳು. ನಾನು ಒಳಗೆ ಕೂತು ರಾಯರಿಗಾಗಿ ಟಯರಿನ ಜಾಹೀರಾತು ಹುಡುಕುತ್ತಿದ್ದೆ. (ಇದನ್ನು ನಾನು ಹೇಳಲಿಲ್ಲ. ಶಾರದೆಯೇ ಸೇರಿಸಿದಳು.)

ಕಳೆದ ಭಾನುವಾರ ಮುಹೂರ್ತ. ಗಾಡಿಗೂ ರಾಯರಿಗೂ ಚೆಂಡುಹೂವಿನ ಮಾಲೆ, ಚಕ್ರಕ್ಕೆ ನಿಂಬೆಹಣ್ಣು. ತೆಂಗಿನಕಾಯಿ ಒಡೆದಾಯಿತು. ಪ್ರೀತಮ್ ಸಿಂಗ್ ಒಳಗೆ ಕೂತ. ನಾವು ಸರದಿಯಂತೆ ಹ್ಯಾಂಡಲ್ ಹೊಡೆದೆವು. ರಾಯರು ಹೊಡೆದು ಏದುಸಿರು ಬಿಟ್ಟರು. ಶಾನಭಾಗರು ಹೊಡೆಯುವ ಬದಲು ಹೇಗೆ ಹೊಡೆಯಬೇಕೆಂದು ವಿವರಿಸಿದರು. ನನ್ನ ಸರದಿ ಬಂತು. ಹೆಬ್ಬೆರಳು ಸುತ್ತಿ ಹಿಡಿಯಬೇಡಿ ಎಂದು ಮಿಸ್ತ್ರಿ ಮೊದಲೇ ಹೇಳಿದ್ದ. ನಾನು ಬರಹಗಾರ, ಹೆಬ್ಬೆರಳು ಸುತ್ತಿ ಹಿಡಿದೇ ಅಭ್ಯಾಸ.

ಹ್ಯಾಂಡಲ್ ಹಿಂದಕ್ಕೆ ಒದೆಯಿತು. (ನೀವು ಕಿರುಚಿದ್ದನ್ನು ಬರೆಯಲೇ ಎಂದು ಶಾರದೆ ಕೇಳುತ್ತಿದ್ದಾಳೆ. ಬೇಡ ಎಂದೆ. ಬರೆದಳು.)

ನನ್ನ ಕೈಯನ್ನು ಯಾರೂ ನೋಡಲಿಲ್ಲ. ಯಾಕೆಂದರೆ ಅದೇ ಹೊಡೆತಕ್ಕೆ ಇಂಜಿನ್ ಕೆಮ್ಮಿತು, ಕರಿಹೊಗೆ ಉಗುಳಿತು, ಗುಡುಗಿತು. ಗಾಡಿಗೆ ಜೀವ ಬಂತು. ರಾಯರು ಶಾನಭಾಗರನ್ನು ತಬ್ಬಿಕೊಂಡರು. ಶಾನಭಾಗರು ತಾವು ಹೇಳಿರಲಿಲ್ಲವೇ ಎಂದರು. ನೋಡಲು ನೆರೆದಿದ್ದ ಬಿಲ್ಡಿಂಗಿನ ಮುದುಕರು ಚಪ್ಪಾಳೆ ತಟ್ಟಿದರು. ನಾನು ಕೈಯನ್ನು ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟದೆ ನಿಂತೆ.

ಆಗ ನೆನಪಾಯಿತು. ಹಿಂದೆ ತುಳಸವ್ವ ಇನ್ನೂ ಕೂತೇ ಇದ್ದಾಳೆ.

“ಇಳೀವಾ ಲಗೂನ,” ಎಂದರು ರಾಯರು.

“ಹಿಟ್ಟ ನಾದೀನ್ರಿ. ಇಷ್ಟ ಬಡದ ಇಳೀತೀನಿ.”

ಕಾಯುವುದು ಹೇಗೆ? ಇಂಜಿನ್ ನಿಲ್ಲಿಸಿದರೆ ಮತ್ತೆ ಏಳುವ ಭರವಸೆ ಇಲ್ಲ ಎಂದ ಪ್ರೀತಮ್ ಸಿಂಗ್. ಬೆಂಕಿ ಆರಿಸು ಎಂದು ಮಾತ್ರ ಕೂಗಿದ. ತುಳಸವ್ವ ಇದ್ದಲಿಗೆ ನೀರು ಚಿಮುಕಿಸಿ, ಹಿಟ್ಟಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಡಿ ಹೊರಟಿತು. ಮುಂದೆ ಮಾಲೆ ಹಾಕಿಕೊಂಡ ರಾಯರು, ಹಿಂದೆ ಶಾನಭಾಗರು, ನಾನು, ತುಳಸವ್ವ. ದಾರಿಯಲ್ಲಿ ನನ್ನನ್ನು ಡಾಕ್ಟರರ ಹತ್ತಿರ ಇಳಿಸಿ ಎಂದು ನಾನೇ ಕೇಳಿಕೊಂಡಿದ್ದೆ. ದವಾಖಾನೆ ಬಂತು, ಹೋಯಿತು. ಗಾಡಿ ನಿಲ್ಲುವಂತಿರಲಿಲ್ಲ.

ಆದರೂ ನಿಂತಿತು. ಟ್ರಾಂಬೆಯ ರಸ್ತೆಯಲ್ಲಿ, ರಿಫೈನರಿ ಕಟ್ಟುವ ಜಾಗದ ಗೇಟಿನ ಎದುರಿಗೆ, ರೇಡಿಯೇಟರಿನಿಂದ ಆವಿ ಬಿಡುತ್ತ, ಒಂದು ಸಲ ನಡುಗಿ ನಿಂತಿತು.

ಅಲ್ಲಿ ಭಾನುವಾರವೂ ಕೆಲಸ. ಕೂಲಿಗಳು ಊಟಕ್ಕೆ ಬಿಟ್ಟ ಹೊತ್ತು. ಎಷ್ಟೋ ಜನ ನಮ್ಮ ವಿಜಾಪುರ, ಕಲಬುರ್ಗಿ ಕಡೆಯವರು. ಇಷ್ಟು ದಿನ ಯಾರಾದರೊಬ್ಬ ಚೆಂಬೂರಿನವರೆಗೆ ನಡೆದು ತುಳಸವ್ವನ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದನಂತೆ. ಬಂದು ಸೇರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು.

“ಅವ್ವಾ, ಇಲ್ಲಿಗೇ ಬಂದೇನಬೇ?” ಎಂದ ಒಬ್ಬ.

“ನಾ ಬರಲಿಲ್ಲಪ್ಪ, ಇವರ ತಂದ್ರು,” ಎಂದಳು ತುಳಸವ್ವ. ಇಳಿದು, ನೆರಳು ನೋಡಿ ಶೆಗಡಿ ಇಟ್ಟು, ಒಣ ಇದ್ದಲು ತುಂಬಿ ಬೆಂಕಿ ಹಚ್ಚಿದಳು.

ಮುಂದೆ ಮೂವರು ಬಾನೆಟ್ಟಿನೊಳಗೆ ತಲೆ ಹಾಕಿದರು. ಹಿಂದೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಮೊದಲು ಬಾನೆಟ್ಟಿನಿಂದ ತಲೆ ತೆಗೆದವನು ಪ್ರೀತಮ್ ಸಿಂಗ್. ಕೈ ಒರೆಸಿಕೊಂಡು ಸಾಲಿನಲ್ಲಿ ನಿಂತ. ಆಮೇಲೆ ಶಾನಭಾಗರು. ನಾನು ಹೋದಾಗ ತುಳಸವ್ವ ನನ್ನ ಎಡಗೈಗೆ ರೊಟ್ಟಿ ಇಟ್ಟು, ಬಲಗೈ ನೋಡಿದಳು. ಬೆಳಗಿನಿಂದ ಅದನ್ನು ನೋಡಿದವಳು ಅವಳೊಬ್ಬಳೇ.

“ಕೈ ಬಾತೈತ್ರಿ ಸಾಹೇಬ್ರ. ಉಂಡ ಮೊದಲ ಡಾಕ್ಟರ ಕಡಿ ಹೋಗ್ರಿ.”

ರಾಯರು ಬರಲಿಲ್ಲ. ಮಾಲೆ ಹಾಕಿಕೊಂಡು ಬಿಸಿಲಲ್ಲಿ ನಿಂತೇ ಇದ್ದರು. ತುಳಸವ್ವ ಎಂದಿನಂತೆ ಅವರ ರೊಟ್ಟಿ, ಹಿಂಡಿ ಬೇರೆ ತೆಗೆದಿಟ್ಟು ಶಾನಭಾಗರ ಕೈಯಲ್ಲಿ ಕಳಿಸಿದಳು. ರಾಯರು ನಮಗೆ ಬೆನ್ನು ಮಾಡಿ ತಿಂದರು.

ಅಷ್ಟರಲ್ಲಿ ಕಂತ್ರಾಟುದಾರರ ಮೇಸ್ತ್ರಿ ಬಂದ. ರಾಯರು ಬಾಯಿ ಒರೆಸಿಕೊಂಡು ಮುಂದೆ ಹೋಗಿ, ಗಾಡಿ ಬಾಡಿಗೆಗೆ ಇದೆ ಎಂದು ಹಿಂದಿಯಲ್ಲಿ ತಿಳಿಸಿದರು. ಅವನು ಗಾಡಿಯನ್ನು ನೋಡಿದ, ಮಾಲೆಯನ್ನು ನೋಡಿದ. “ಯೇ ಖಟಾರಾ ಹಟಾವೋ,” ಎಂದ, ಈ ಗುಜರಿಯನ್ನು ಇಲ್ಲಿಂದ ತೆಗೆಯಿರಿ ಎಂದು. ಉಂಡು ಗಟ್ಟಿಯಾಗಿದ್ದ ಕೂಲಿಗಳು ಗಾಡಿಯನ್ನು ತಳ್ಳಿ, ರಸ್ತೆಯ ಬದಿಯ ಹುಣಸೆಮರದ ಕೆಳಗೆ ನಿಲ್ಲಿಸಿದರು. ತುಳಸವ್ವನ ಮುಂದೆ ಸಾಲು ಇನ್ನೂ ಇತ್ತು, ನಾವು ಬಸ್ಸಿನಲ್ಲಿ ಮನೆಗೆ ಬಂದೆವು.

ಮರುದಿನ ಸಂಜೆ ಮತ್ತೆ ಸಭೆ. ಗಾಡಿ ಯಾಕೆ ನಿಂತಿತು? ಒಬ್ಬರು ತುಳಸವ್ವನ ಭಾರ ಎಂದರು. (ಶಾನಭಾಗರ ಭಾರದ ಮಾತು ಬರಲಿಲ್ಲ.) ಇಷ್ಟು ವರ್ಷದ ಒಲೆಯ ಹೊಗೆ ಇಂಜಿನ್ನಿಗೆ ಹತ್ತಿದೆ ಎಂದರು ಇನ್ನೊಬ್ಬರು. ವಿಧವೆಯನ್ನು ಕೂರಿಸಿಕೊಂಡು ಮುಹೂರ್ತ ಮಾಡಿದ್ದೇ ತಪ್ಪು ಎಂದರು ಮತ್ತೊಬ್ಬರು, ಬಿ.ಎ. ಪಾಸಾದವರು. ಹಳೆಯ ರಬ್ಬರು ನಳಿಗೆ ಒಡೆದು ನೀರೆಲ್ಲ ಸೋರಿತ್ತು ಎಂದು ಪ್ರೀತಮ್ ಸಿಂಗ್ ಹೇಳಿದ್ದ. ಅದು ಯಾರಿಗೂ ರುಚಿಸಲಿಲ್ಲ. ನಳಿಗೆಯನ್ನು ಬೈದರೆ ಏನು ಸುಖ? ಕೊನೆಗೆ ಖಾಲಿಯಾದ ಜಾಗದಲ್ಲಿ ‘ಇಲ್ಲಿ ಅಡಿಗೆ ಮಾಡಕೂಡದು’ ಎಂದು ಬೋರ್ಡು ಹಾಕಲು ತೀರ್ಮಾನವಾಯಿತು. ಅಡಿಗೆ ಮಾಡುವವರು ಯಾರೂ ಅಲ್ಲಿ ಉಳಿದಿಲ್ಲ ಎಂದು ನಾನು ನೆನಪಿಸಿದ್ದಕ್ಕೆ, ಶಿಸ್ತು ಅಂದರೆ ಶಿಸ್ತು ಎಂದರು ಶಾನಭಾಗರು.

ಈಗ ರಾಯರ ಮನೆಯಲ್ಲಿ ಎರಡು ಹೊತ್ತೂ ಅನ್ನ. ರಾಯರಿಗೆ ಅನ್ನ ಸೇರುವುದಿಲ್ಲ. ರೊಟ್ಟಿ ಯಾಕಿಲ್ಲ ಎಂದು ಹೆಂಡತಿಯನ್ನು ಕೇಳುವ ಧೈರ್ಯವೂ ಇಲ್ಲ.

ನಿನ್ನೆ ರಾಯರು ಆಫೀಸಿನಿಂದ ಬಂದವರೇ ನನ್ನನ್ನು ಕರೆದುಕೊಂಡು ಟ್ರಾಂಬೆಯ ಬಸ್ಸು ಹತ್ತಿದರು. ಹುಣಸೆಮರದ ಕೆಳಗೆ ಗಾಡಿ ಇತ್ತು. ತಾಡಪತ್ರಿ ಹೊಸದಾಗಿ ಬಿಗಿದು ಕಟ್ಟಿತ್ತು. ಬಾನೆಟ್ಟಿನ ಮೇಲೆ ಯಾರದೋ ಧೋತರ ಒಣಗುತ್ತಿತ್ತು. ಸಂಜೆಯ ಪಾಳಿ ಬಿಟ್ಟು ಬಂದವರ ಸಾಲು ಗೇಟಿನವರೆಗೆ ಇತ್ತು. ರಾಯರು ಸಾಲನ್ನು ದಾಟಿ ಹೋಗಲು ನೋಡಿದರು, ಯಾರೂ ಬಿಡಲಿಲ್ಲ. ಹಾಗಾಗಿ ತಮ್ಮದೇ ಗಾಡಿಗಾಗಿ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಗಂಭೀರವಾಗಿ ಹೇಳಿದರು:

“ತುಳಸವ್ವ, ಈ ಗಾಡಿ ನಂದದ. ನೆನಪದ ಇಲ್ಲೋ?”

ತುಳಸವ್ವ ಹಿಟ್ಟಿನ ಕೈಯಲ್ಲೇ ಸೆರಗು ಸರಿಪಡಿಸಿಕೊಂಡಳು.

“ನಿಮ್ದ ಐತ್ರಿ ರಾಯರ. ಚಾಲೂ ಮಾಡ್ಕೊಂಡ ಒಯ್ರಿ. ನಾ ಏನ್ ಬ್ಯಾಡ ಅಂದೇನ್ರಿ?”