ಅಪ್ಪನ ಕಿವಿ ಕಾಯ್ದ ಅತ್ತಿಗೆ

ಅತ್ತಿಗೆ ಆ ಪೆಟ್ಟಿಗೆಯನ್ನು ಮುಟ್ಟುವ ಮೊದಲು ಕೈ ಒರೆಸಿಕೊಳ್ಳುವುದನ್ನು ನೋಡಬೇಕಿತ್ತು. ಬೆರಳುಗಳ ಸಂದಿಯನ್ನೂ ಬಿಡದೆ, ಸೆರಗಿನ ಒಣ ತುದಿಯಿಂದ ಎರಡೆರಡು ಸಲ ಒರೆಸಿ, ಕೈಬಳೆಗಳನ್ನು ಮೊಣಕೈವರೆಗೆ ಸರಿಸಿ, ಮಣೆಯ ಮೇಲೆ ಕಾಲಿಟ್ಟು ಕೂತ ಮೇಲೆಯೇ ಸ್ವಿಚ್ಚಿಗೆ ಕೈ ಹಾಕುತ್ತಿದ್ದರು.

ಹೆಸರು ರಂಗಮ್ಮಾಳ್, ನನ್ನ ಅಣ್ಣನ ಹೆಂಡತಿ. ಓದಿದ್ದು ಐದನೇ ಕ್ಲಾಸು. ತಮಿಳು ಸೀಮೆಯ ಕಂಬಂ ಊರಿನ ಹೊರಗಿನ ನಮ್ಮ ದ್ರಾಕ್ಷಿ ತೋಟದ ಮನೆಗೆ ಅವರು ಸೊಸೆಯಾಗಿ ಬರುವ ಹೊತ್ತಿಗೆ ಅಪ್ಪನ ಕಿವಿ ಹೋಗಿ ಮೂರು ವರ್ಷವಾಗಿತ್ತು. ಮನೆಯಲ್ಲಿ ಎಲ್ಲರೂ ಅಪ್ಪನಿಗೆ ಕೈಸನ್ನೆಯಲ್ಲೇ ಹೇಳುತ್ತಿದ್ದೆವು. ಅಪ್ಪ ಜಗುಲಿಯ ಮೂಲೆ ಹಿಡಿದು, ಮಾತನ್ನೇ ಬಿಟ್ಟುಬಿಟ್ಟಿದ್ದರು.

ತೇನಿಯ ರೇಡಿಯೋ ಮೆಕ್ಯಾನಿಕ್ ಒಬ್ಬರು ಅಪ್ಪನಿಗೆಂದು ದನಿ ದೊಡ್ಡದು ಮಾಡುವ ಒಂದು ಆಂಪ್ಲಿಫೈಯರ್ ಮಾಡಿಕೊಟ್ಟರು. ತಗಡಿನ ಪೆಟ್ಟಿಗೆ, ಒಳಗೆ ಬಲ್ಬಿನಂತೆ ಕೆಂಪಗೆ ಉರಿಯುವ ಎರಡು ಗಾಜಿನ ವಾಲ್ವ್, ಮುಂದೆ ದನಿ ಏರಿಸಿ ಇಳಿಸುವ ಒಂದು ತಿರುಗಣೆ, ಒಂದು ಮೈಕು, ತಲೆಗೆ ಹಾಕಿಕೊಳ್ಳುವ ಹೆಡ್‌ಫೋನು. ಮೊದಲ ದಿನ ಅತ್ತಿಗೆ ಮೈಕಿನ ಹತ್ತಿರ ಬಾಗಿ, "ಮಾಮಾ, ಊಟ ಆಯ್ತಾ?" ಎಂದರು.

ಅಪ್ಪ ಬೆಚ್ಚಿ ತಲೆಯೆತ್ತಿದರು. "ಇದು ರಂಗಮ್ಮಾಳ ದನಿಯಾ? ಇಷ್ಟು ಮೆತ್ತಗಾ?" ಸೊಸೆ ಮನೆಗೆ ಬಂದ ಮೇಲೆ ಅವರು ಆಕೆಯ ಮಾತು ಕೇಳಿದ್ದು ಅದೇ ಮೊದಲು.

ಮೆಕ್ಯಾನಿಕ್ ಹೇಳಿಕೊಟ್ಟದ್ದೆಲ್ಲ ಅತ್ತಿಗೆಗೆ ಬಾಯಿಪಾಠ. ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸುವಂತಿಲ್ಲ, ಕಾವು ಹೋಗಬೇಕು. ನೀರಿನ ಚೊಂಬು ಹತ್ತಿರ ಸುಳಿಯುವಂತಿಲ್ಲ. ತಿರುಗಣೆಯನ್ನು ಪೂರ್ತಿ ಇಳಿಸಿ, ವಾಲ್ವ್ ಕಾದ ಮೇಲೆ ಹೆಡ್‌ಫೋನು ಹಾಕಬೇಕು. ಆಮೇಲೆ ಮೆಲ್ಲಗೆ ಏರಿಸಬೇಕು. "ಮೊದ್ಲು ಸೊನ್ನೆ, ಆಮ್ಯಾಲೆ ಕಿವಿ" ಎಂದು ನಮಗೆಲ್ಲ ಹೇಳಿ ಹೇಳಿ ಕಲಿಸಿದರು.

ಒಮ್ಮೆ ಬೋಡಿಯಿಂದ ದೊಡ್ಡಪ್ಪ ಬಂದರು. ಏಲಕ್ಕಿ ವ್ಯಾಪಾರಿ, ನಮ್ಮ ಬಳಗದಲ್ಲಿ ಅವರ ಮಾತಿಗೆ ಎದುರಿಲ್ಲ. ಹತ್ತು ಜನ ನೆಂಟರು ಕೂತಿದ್ದಾಗ, ಅಪ್ಪ ಹೆಡ್‌ಫೋನು ಹಾಕಿಕೊಂಡಿದ್ದಂತೆಯೇ, "ಇನ್ನೂ ಜೋರಾಗಿ ಕೇಳಲಿ ಬಿಡು" ಎಂದು ತಿರುಗಣೆಗೆ ಕೈ ಹಾಕಿದರು.

"ತಿರುವಬ್ಯಾಡಿ ದೊಡ್ಡ ಮಾಮಾ. ಕೈ ತೆಗೀರಿ."

ಅದು ಸೊಸೆಯಂದಿರು ಹಿರಿಯರ ಎದುರು ನಿಲ್ಲದಿದ್ದ ಕಾಲ. "ಯಾರ ಹತ್ರ ಮಾತಾಡ್ತಿದೀಯ, ಗೊತ್ತಾ?" ಎಂದು ದೊಡ್ಡಪ್ಪ ಗುಡುಗಿದರು.

ಅತ್ತಿಗೆ ಅಪ್ಪನ ತಲೆಯಿಂದ ಹೆಡ್‌ಫೋನು ತೆಗೆದು ಚಾಪೆಯ ಮೇಲಿಟ್ಟರು. ಮೈಕನ್ನು ಅದರ ಪಕ್ಕಕ್ಕೆ ತಂದು, ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದರು. ಚಾಪೆಯ ಮೇಲಿಂದ ಎದ್ದ ಕೀರಲು ಸದ್ದಿಗೆ ಹೆಂಗಸರು ಕಿವಿ ಮುಚ್ಚಿಕೊಂಡರು.

"ಇದು ಮಾಮನ ಕಿವಿಯೊಳಗೆ ಆಗ್ತಿತ್ತು. ಉಳಿದಿರೋ ಇಷ್ಟನ್ನೂ ಕಳ್ಕೊಂಡ್ರೆ ನಾ ಎಲ್ಲಿ ಹೋಗಿ ತರ್ಲಿ?"

ದೊಡ್ಡಪ್ಪ ಪೆಟ್ಟಿಗೆಯಿಂದ ದೂರ ಸರಿದು ಕೂತರು. ಹೆಂಗಸರು ಕಿವಿ ಮುಚ್ಚಿಕೊಂಡದ್ದನ್ನು ಕಂಡಿದ್ದ ಅಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು: "ಇವತ್ತಿಂದ ಇದನ್ನ ರಂಗಮ್ಮಾಳ್ ಬಿಟ್ಟು ಯಾರೂ ಮುಟ್ಟಬ್ಯಾಡಿ."

ಆ ವರ್ಷದ ಐಪಸಿ ತಿಂಗಳ ಮಳೆಯಲ್ಲಿ ಇನ್ನೊಂದು ನಡೆಯಿತು. ಪೆಟ್ಟಿಗೆ ತಾಗಿದಾಗ ಬೆರಳಲ್ಲಿ "ಇರುವೆ ಹರಿದಂಗೆ" ಆಯಿತೆಂದು ಅತ್ತಿಗೆ ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತಿಟ್ಟರು. ಅಣ್ಣ ನಕ್ಕ. ಅಪ್ಪ ಒಂದು ದಿನವಾದರೂ ಕೇಳಿಸೆಂದು ಗೋಗರೆದರು. ಅತ್ತಿಗೆ ಜಪ್ಪಯ್ಯ ಎನ್ನಲಿಲ್ಲ. ಮರುದಿನವೇ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ತೇನಿ ಬಸ್ಸು ಹತ್ತಿದರು. ಜೊತೆಗೆ ನಾನೂ ಹೋದೆ.

ಮೆಕ್ಯಾನಿಕ್ ಹೆಡ್‌ಫೋನು ಕಿವಿಗಿಟ್ಟು, ಚೆನ್ನಾಗಿಯೇ ಕೇಳುತ್ತಿದೆಯಲ್ಲಮ್ಮಾ ಎಂದರು. ಅತ್ತಿಗೆ ತಮಿಳಿನಲ್ಲಿ, ಕೇಳುವುದು ಸರಿ ಅಣ್ಣಾ, ಮುಟ್ಟಿದರೆ ಹೇಗೆ ನೋಡಿ ಎಂದರು. ಮೆಕ್ಯಾನಿಕ್ ಪರೀಕ್ಷೆಯ ಬಲ್ಬಿನ ಒಂದು ತಂತಿಯನ್ನು ತಗಡಿಗೆ, ಇನ್ನೊಂದನ್ನು ನೆಲಕ್ಕೆ ಹೂತ ಕೊಳವೆಗೆ ತಾಗಿಸಿದರು. ಬಲ್ಬು ಹತ್ತಿತು. ಒಳಗೆ ತಂತಿಯ ಹೊದಿಕೆ ಸುಟ್ಟು ಕರೆಂಟು ತಗಡಿಗೆ ಇಳಿದಿತ್ತು. ಒದ್ದೆ ಕೈಯಲ್ಲಿ ಯಾರಾದರೂ ಹಿಡಿದಿದ್ದರೆ ಎಂಬ ಮಾತನ್ನು ಅವರು ಮುಗಿಸಲಿಲ್ಲ.

ಅದನ್ನು ಸರಿಮಾಡಿ, ನಮ್ಮ ಮನೆಗೇ ಬಂದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ತಂತಿ ಎಳೆದುಕೊಟ್ಟರು. ಅಲ್ಲಿಂದ ಮುಂದೆ ಅಂಥ ಪೆಟ್ಟಿಗೆ ಕೊಂಡವರನ್ನೆಲ್ಲ, ಕಂಬಂ ಊರಿನ ಅಮ್ಮನ ಹತ್ತಿರ ಒಂದು ಗಳಿಗೆ ಕೂತು ಕಲಿತು ಹೋಗಿ ಎಂದು ಕಳಿಸುತ್ತಿದ್ದರು. ಚಿನ್ನಮನೂರಿನಿಂದ, ಉತ್ತಮಪಾಳ್ಯದಿಂದ ಪಂಚೆಯುಟ್ಟ ದೊಡ್ಡ ದೊಡ್ಡ ಗಂಡಸರು ಬಂದು ಅತ್ತಿಗೆಯ ಮುಂದೆ ಕೂತು ಪಾಠ ಹೇಳಿಸಿಕೊಳ್ಳುತ್ತಿದ್ದರೆ, ಪಕ್ಕದಲ್ಲಿ ನಿಂತ ನನ್ನ ಎದೆ ಉಬ್ಬುತ್ತಿತ್ತು.

ಅರವತ್ತರ ದಶಕ ಮುಗಿಯುವ ಮೊದಲೇ ಅತ್ತಿಗೆ ಜ್ವರದಲ್ಲಿ ತೀರಿಕೊಂಡರು. ನಾನು ಆಗ ಇದ್ದ ದಿಂಡಿಗಲ್ಲಿನಿಂದ ಬರುವಷ್ಟರಲ್ಲಿ ಅಂಗಳದ ತುಂಬ ಜನ. ಹಿರಿಯರು ಒಬ್ಬೊಬ್ಬರಾಗಿ ಅಪ್ಪನಿಗೆ ಸಮಾಧಾನ ಹೇಳುತ್ತಿದ್ದರು. ಪೆಟ್ಟಿಗೆ ಹಚ್ಚುವವರೇ ಇಲ್ಲದೆ ಅಪ್ಪನಿಗೆ ಒಂದೂ ಕೇಳುತ್ತಿರಲಿಲ್ಲ. ಹೆಗಲ ಟವಲನ್ನು ಅಪ್ಪ ಮರ್ಯಾದೆಗೆಂದು ಸೊಂಟಕ್ಕೆ ಇಳಿಸುತ್ತಿದ್ದದ್ದು ದೇವಸ್ಥಾನದ ಬಾಗಿಲಲ್ಲಿ ಮಾತ್ರ. ಅವತ್ತು ಅಷ್ಟು ಜನರ ಮುಂದೆ ಎದ್ದು, ಟವಲನ್ನು ಸೊಂಟಕ್ಕೆ ಬಿಗಿದು, ಸೊಸೆಯ ಕಾಲ ಬಳಿ ಕೈಕಟ್ಟಿ ನಿಂತರು.